ನಮ್ಮಲ್ಲಿ ಹೀಗೆ, ನಿಮ್ಮಲ್ಲಿ ಹಾಗೆ: ಸರಿ ತಪ್ಪನ್ನು ಅಳೆಯಲು ಯಾವ ನಿಲುವನ್ನು ಆರಿಸಿಕೊಳ್ಳಬೇಕು?

ನನ್ನ ತಾಯಿ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ನಮ್ಮ ಊರಿನ ಕಡೆ ಇದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಅಕ್ಕನ ಮಗಳನ್ನು ತಮ್ಮ ತಂದುಕೊಂಡರೆ ಹೆಣ್ಣು ಕಣ್ಣೆದುರೇ ಇರುತ್ತಾಳೆ ಎಂದು ಹಿರಿಯರು ಸಮಾಧಾನಪಡುತ್ತಾರೆ. ಗಂಡನ ನೌಕರಿಯ ನಿಮಿತ್ತ ಇಂದೋರಿನಲ್ಲಿದ್ದಾಗ ಒಂದು ಸಂಜೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ಕುಳಿತು ಬಟಾಣಿ ಬಿಡಿಸುತ್ತ ಈ ಸಂಗತಿಯನ್ನು ಹೇಳಿದೆ. ಆಕೆ ಚಪಾತಿ ಲಟ್ಟಿಸುತ್ತಿದ್ದರು. ಲಟ್ಟಣಿಗೆ ನಿಂತುಹೋಯಿತು. ಅವರ ಮುಖದಲ್ಲಿ ಕುತೂಹಲ ಇರಲಿಲ್ಲ, ಹೇಸಿಗೆ ಇತ್ತು. ಅವರ ಲೆಕ್ಕದಲ್ಲಿ ಮಾಮನ ಮಗಳೇ ತಂಗಿ. ಇನ್ನು ಮಾಮನೇ ಗಂಡನಾಗುವುದೆಂದರೆ? "ನಮ್ಮಲ್ಲಿ ಹಾಗೆ ದೀದಿ" ಎಂದಷ್ಟೇ ಹೇಳಿ ನಾನು ಬಟಾಣಿಯ ಬುಟ್ಟಿಯತ್ತ ತಲೆ ತಗ್ಗಿಸಿದೆ.

ಕೆಲವು ತಿಂಗಳ ನಂತರ ಅದೇ ಅಡುಗೆಮನೆಯಲ್ಲಿ ಆಕೆ ತಮ್ಮ ಅಕ್ಕನ ಮಗಳ ಮದುವೆಯ ಸುದ್ದಿ ಹೇಳಿದರು. ಹುಡುಗಿಗೆ 15 ವರ್ಷ. "ಇದು ತಪ್ಪಲ್ಲವೇ ದೀದಿ, ಶಾಲೆಗೆ ಹೋಗುವ ಮಗು" ಎಂದೆ. ಆಕೆ ಕೋಪಿಸಿಕೊಳ್ಳಲಿಲ್ಲ. "ನಮ್ಮಲ್ಲಿ ಹಾಗೆ" ಎಂದರು. ನಾನು ಕೊಟ್ಟ ಮಾತೇ ನನಗೆ ಮರಳಿ ಬಂದಿತ್ತು. ಸುಮ್ಮನಾದೆ. ಆ ಮೌನ ನನ್ನನ್ನು ವರ್ಷಗಟ್ಟಲೆ ಕಾಡಿದೆ.

ನನ್ನ ಮಾತು ಸರಿಯಿದ್ದರೆ ಅವರ ಮಾತೂ ಸರಿಯೇ? ಅವರ ಮಾತು ತಪ್ಪಾದರೆ ನನ್ನದು ಹೇಗೆ ಸರಿ? ಈ ಪ್ರಶ್ನೆಗೆ ಉತ್ತರವೆಂದು ಹೇಳಿಕೊಳ್ಳುವ ನಿಲುವುಗಳು ಹಲವು. ನಾನು ಓದಿ, ಯೋಚಿಸಿ, ನನ್ನ ಬದುಕಿಗೆ ಹಚ್ಚಿ ನೋಡಿದ ಮಟ್ಟಿಗೆ ಅವುಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ.

ಮೊದಲು ಒಂದು ಸಿಕ್ಕು ಬಿಡಿಸಬೇಕು

ಸಾಂಸ್ಕೃತಿಕ ಸಾಪೇಕ್ಷತಾವಾದ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಮಾತುಗಳು ಓಡಾಡುತ್ತವೆ. ಊರಿಂದೂರಿಗೆ ರೂಢಿ ಬೇರೆ ಎಂಬುದು ಒಂದು. ಬೇರೆಯವರ ರೂಢಿಯನ್ನು ಅರಿಯದೆ ತೀರ್ಪು ಕೊಡಬಾರದು ಎಂಬುದು ಇನ್ನೊಂದು. ರೂಢಿಯಾಚೆಗೆ ಸರಿ ತಪ್ಪು ಎಂಬುದೇ ಇಲ್ಲ, ಒಂದು ಸಮಾಜ ಒಪ್ಪಿದ್ದೇ ಆ ಸಮಾಜಕ್ಕೆ ಸರಿ ಎಂಬುದು ಮೂರನೆಯದು. ಮೊದಲನೆಯದು ಬರಿಯ ವಾಸ್ತವ, ಎರಡನೆಯದು ಒಳ್ಳೆಯ ನಡತೆ. ಜಗಳವಿರುವುದು ಮೂರನೆಯದರ ಬಗ್ಗೆ ಮಾತ್ರ. ಮೊದಲೆರಡನ್ನು ಒಪ್ಪಿದ ಮಾತ್ರಕ್ಕೆ ಮೂರನೆಯದನ್ನೂ ಒಪ್ಪಿದಂತಾಯಿತು ಎಂದು ನಾವು ಎಣಿಸಿಬಿಡುತ್ತೇವೆ. ಆ ದಿನ ನಾನು ಬಾಯಿ ಮುಚ್ಚಿಕೊಂಡದ್ದು ಇದೇ ತಪ್ಪೆಣಿಕೆಯಿಂದ.

ಈ ಜಗಳ ಹೊಸದಲ್ಲ, ಪಶ್ಚಿಮದಿಂದ ಬಂದದ್ದೂ ಅಲ್ಲ. ನನ್ನ ಅಡುಗೆಮನೆಯ ಪ್ರಸಂಗಕ್ಕೆ ಬಹಳ ಹತ್ತಿರದ ಮಾತು ಬೌಧಾಯನ ಧರ್ಮಸೂತ್ರದಲ್ಲಿ ಸಿಕ್ಕಾಗ ನನಗೆ ರೋಮಾಂಚನವಾಯಿತು. ದಕ್ಷಿಣದವರ ಐದು ಆಚಾರಗಳು ವಿವಾದಾಸ್ಪದ ಎಂದು ಅದು ಪಟ್ಟಿ ಮಾಡುತ್ತದೆ: ಉಪನಯನವಾಗದವರೊಡನೆ ಊಟ, ಹೆಂಡತಿಯೊಡನೆ ಊಟ, ತಂಗಳು ತಿನ್ನುವುದು, ಸೋದರಮಾವನ ಮಗಳನ್ನು ಮದುವೆಯಾಗುವುದು, ಸೋದರತ್ತೆಯ ಮಗಳನ್ನು ಮದುವೆಯಾಗುವುದು. ಉತ್ತರದವರದ್ದೂ ಐದು: ಉಣ್ಣೆಯ ಮಾರಾಟ, ಮದ್ಯಪಾನ, ಎರಡೂ ದವಡೆಯಲ್ಲಿ ಹಲ್ಲಿರುವ ಪ್ರಾಣಿಗಳ ವ್ಯಾಪಾರ, ಆಯುಧದ ವೃತ್ತಿ, ಸಮುದ್ರಯಾನ. ಒಂದು ಕಡೆಯವರು ಇನ್ನೊಂದು ಕಡೆಯ ಆಚಾರ ಹಿಡಿದರೆ ದೋಷ, ಆಯಾ ಆಚಾರಕ್ಕೆ ಆಯಾ ದೇಶವೇ ಪ್ರಮಾಣ ಎಂಬ ಅಭಿಪ್ರಾಯವನ್ನು ಸೂತ್ರ ಮುಂದಿಡುತ್ತದೆ. ಮರುಮಾತಿನಲ್ಲೇ, ಇದು ಸುಳ್ಳು ಎಂದು ಇನ್ನೊಬ್ಬ ಧರ್ಮಸೂತ್ರಕಾರ ಗೌತಮರು ಹೇಳುತ್ತಾರೆ ಎನ್ನುತ್ತದೆ. ಸಾಪೇಕ್ಷತಾವಾದವೂ ಅದರ ನಿರಾಕರಣೆಯೂ ಎರಡು ಸಾವಿರ ವರ್ಷಕ್ಕೂ ಹಿಂದೆ ಒಂದೇ ಪುಟದಲ್ಲಿ, ಅದೂ ಸೋದರಿಕೆಯ ಮದುವೆಯ ನೆಪದಲ್ಲಿ!

ಗ್ರೀಕರ ಹೆರೊಡೊಟಸ್ ಹೇಳುವ ಕಥೆ ಹೆಚ್ಚು ಪ್ರಸಿದ್ಧ. ಪರ್ಷಿಯದ ದೊರೆ ಡೇರಿಯಸ್ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಎಂದರು. ತಂದೆತಾಯಿಯ ದೇಹವನ್ನು ತಿನ್ನುವ ಪದ್ಧತಿಯಿದ್ದ ಕಲ್ಲಾಟಿಯರೆಂಬ ಭಾರತೀಯ ಜನರನ್ನು ಕರೆಸಿ, ಎಷ್ಟು ಕೊಟ್ಟರೆ ಸುಡುತ್ತೀರಿ ಎಂದು ಕೇಳಿದ. ಅಂಥ ಮಾತು ಆಡಬೇಡಿ ಎಂದು ಅವರು ಚೀರಿದರು. ರೂಢಿಯೇ ಎಲ್ಲರ ದೊರೆ ಎಂದು ಹೆರೊಡೊಟಸ್ ಮುಗಿಸುತ್ತಾನೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಸುಡುವವರಿಗೂ ತಿನ್ನುವವರಿಗೂ ಸತ್ತ ತಂದೆಯನ್ನು ಅವಮಾನಿಸಬಾರದು ಎಂಬ ಮಾತು ಒಂದೇ. ಆ ಗೌರವವನ್ನು ಕೈಯಲ್ಲಿ ಮಾಡಿ ತೋರಿಸುವ ಬಗೆ ಮಾತ್ರ ಬೇರೆ.

ರೂಢಿಯೇ ಪ್ರಮಾಣ ಎನ್ನುವ ನಿಲುವು

ಈ ನಿಲುವನ್ನು ಹಗುರವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್, ಆಮೇಲೆ ಅವರ ಶಿಷ್ಯೆ ರೂತ್ ಬೆನೆಡಿಕ್ಟ್ ಇದನ್ನು ಕಟ್ಟಿದ್ದು, ಬಿಳಿಯರ ನಾಗರಿಕತೆಯೇ ಮೆಟ್ಟಿಲ ತುದಿ, ಉಳಿದವರೆಲ್ಲ ಕೆಳಗಿನ ಮೆಟ್ಟಿಲು ಎಂಬ ಜನಾಂಗವಾದದ ಎದುರಿನಲ್ಲಿ. ಆ ಜನಾಂಗವಾದ ನಮ್ಮ ನೆಲದಲ್ಲಿ ಮಾಡಿದ್ದೇನು ಎಂಬುದಕ್ಕೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯೇ ಸಾಕು. ಅಲೆದಾಡಿ ಬದುಕುವ ಸಮುದಾಯಗಳನ್ನು ಇಡಿಯಾಗಿ ಹುಟ್ಟು ಅಪರಾಧಿಗಳೆಂದು ಬರೆದುಕೊಂಡು, ಹಾಜರಿ ಹಾಕಿಸಿ, ಬೇಲಿಯೊಳಗೆ ಕೂಡಿದರು. ಹುಬ್ಬಳ್ಳಿಯಲ್ಲಿ ಅಂಥದೊಂದು ಸೆಟ್ಲ್‌ಮೆಂಟ್ ಇತ್ತು. 1952ರಲ್ಲಿ ಈ ಸಮುದಾಯಗಳು ಆ ಪಟ್ಟಿಯಿಂದ ಬಿಡುಗಡೆ ಹೊಂದಿದರೂ ಅಂಟಿದ ಕಳಂಕ ಇನ್ನೂ ಪೂರ್ತಿ ತೊಳೆದುಹೋಗಿಲ್ಲ. ನಮ್ಮ ಬದುಕಿನ ರೀತಿಯೇ ಎಲ್ಲರಿಗೂ ಅಳತೆಗೋಲು ಎಂದುಕೊಂಡವರ ಕೈಗೆ ಅಧಿಕಾರ ಸಿಕ್ಕರೆ ಹೀಗಾಗುತ್ತದೆ. ಅವರಿಗೆ ತಡೆಯೊಡ್ಡುವುದು ಸಾಪೇಕ್ಷತಾವಾದದ ದೊಡ್ಡ ಗುಣ.

ಆದರೆ ಅದನ್ನು ಪೂರ್ತಿ ನಂಬಿ ಹೊರಟರೆ ಎರಡು ಕಡೆ ದಾರಿ ಮುಚ್ಚಿಹೋಗುತ್ತದೆ.

ಮೊದಲನೆಯದು, ಸಮಾಜದೊಳಗೇ ಹುಟ್ಟಿ ಸಮಾಜವನ್ನು ಪ್ರಶ್ನಿಸುವವರ ಗತಿ. ಒಂದು ಸಮಾಜ ಒಪ್ಪಿದ್ದೇ ಅಲ್ಲಿ ಸರಿ ಎನ್ನುವುದಾದರೆ 12ನೆಯ ಶತಮಾನದ ಕಲ್ಯಾಣದಲ್ಲಿ ಸರಿಯಿದ್ದವರು ಯಾರು? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದನ್ನು ಅಂದಿನ ರೂಢಿ ಒಪ್ಪಲಿಲ್ಲ. ಶರಣ ಪರಂಪರೆಯ ಕಥನದ ಪ್ರಕಾರ ಆ ಇಬ್ಬರು ತಂದೆಯರೂ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆಗೆ ಗುರಿಯಾದರು. ರೂಢಿಯೇ ಪ್ರಮಾಣವಾದರೆ ಬಿಜ್ಜಳನ ಆಸ್ಥಾನ ಸರಿ, ಶರಣರು ತಪ್ಪು. ಮುಂದೆಂದೋ ಜನ ಶರಣರನ್ನು ಒಪ್ಪಿದ ದಿನ ಶರಣರು ಸರಿಯಾದರು. ಈ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ಎಳೆಹೂಟೆ ಕಟ್ಟಿದ ದಿನವೇ ಅದು ಘೋರ ತಪ್ಪು.

ಎರಡನೆಯದು, 'ನಮ್ಮಲ್ಲಿ' ಎಂದು ಹೇಳುತ್ತಿರುವವರು ಯಾರು ಎಂಬುದು. 1947ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವು ಮೆಲ್ವಿಲ್ ಹರ್ಸ್‌ಕೊವಿಟ್ಸ್ ಸಿದ್ಧಪಡಿಸಿದ ಹೇಳಿಕೆಯೊಂದನ್ನು ವಿಶ್ವಸಂಸ್ಥೆಗೆ ಕಳಿಸಿತು. ಪಶ್ಚಿಮದ ಮೌಲ್ಯಗಳನ್ನು ಮಾನವ ಹಕ್ಕು ಎಂಬ ಹೆಸರಿನಲ್ಲಿ ಎಲ್ಲರ ಮೇಲೆ ಹೇರಬೇಡಿ ಎಂಬುದು ಅದರ ತಿರುಳು. ಮರುವರ್ಷ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 48 ದೇಶಗಳು ಮತ ಹಾಕಿದವು, 8 ದೇಶಗಳು ತಟಸ್ಥವಾಗಿ ಉಳಿದವು. ಹಾಗೆ ಉಳಿದವರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾ ಒಂದು. ಅಲ್ಲಿನ ಬಹುಸಂಖ್ಯಾತ ಕಪ್ಪು ಜನರನ್ನು ಕೇಳಿದ್ದರೆ ಅವರೂ ತಟಸ್ಥರಾಗಿರುತ್ತಿದ್ದರೇ? ಘೋಷಣೆ ಪಶ್ಚಿಮದ ಸರಕು ಎನ್ನುವವರು ನೆನಪಿಡಬೇಕಾದ ಹೆಸರು ನಮ್ಮ ಹಂಸಾ ಮೆಹ್ತಾ ಅವರದು. ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದು ಅರ್ಥ ಬರುವಂತಿದ್ದ ಮಾತನ್ನು 'ಎಲ್ಲ ಮಾನವರು' ಎಂದು ಬದಲಿಸಿದ್ದು ಆಕೆಯ ಪಟ್ಟಿನಿಂದ. ಅದೇ ಮಾನವಶಾಸ್ತ್ರಜ್ಞರ ಸಂಘ 1999ರಲ್ಲಿ ಮಾನವ ಹಕ್ಕುಗಳನ್ನು ಬೆಂಬಲಿಸುವ ಘೋಷಣೆಯನ್ನು ಅಂಗೀಕರಿಸಿತು.

ದೂರದ ಮಾತೇಕೆ, ಉತ್ತರ ಕರ್ನಾಟಕದಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವುದನ್ನೂ ಸಂಪ್ರದಾಯ ಎಂದೇ ಕರೆಯುತ್ತಿದ್ದರು. ಕೆಂಪು ಬಿಳಿ ಮಣಿಯ ಆ ಸರ ಕೊರಳಿಗೆ ಬಿದ್ದರೆ ಮದುವೆ ಮುಗಿಯಿತು, ಬಾಲ್ಯವೂ ಮುಗಿಯಿತು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಕಾಯ್ದೆ ಬಂದು ಎರಡೂವರೆ ದಶಕ ಕಳೆದ ಮೇಲೆ, 2007-08ರ ಸಮೀಕ್ಷೆಯಲ್ಲಿ, ಸರ್ಕಾರ ಗುರುತಿಸಿದ ದೇವದಾಸಿಯರು 46,660 ಮಂದಿ. ಬಹುಪಾಲು ದಲಿತ ಹೆಣ್ಣುಮಕ್ಕಳು. ಹೊರಗಿನವರು ನಮ್ಮ ಸಂಸ್ಕೃತಿಗೆ ಕೈ ಹಾಕುತ್ತಿದ್ದಾರೆ ಎಂಬ ಆಕ್ಷೇಪಕ್ಕೆ ಉತ್ತರ ಕೊಟ್ಟವರು ಬೆಳಗಾವಿ ಸೀಮೆಯ ಮಾಜಿ ದೇವದಾಸಿಯರೇ. ತಾವೇ ಸಂಘ ಕಟ್ಟಿಕೊಂಡು, ಇನ್ನೊಂದು ಮಗುವಿಗೆ ಮುತ್ತು ಕಟ್ಟಬೇಡಿ ಎಂದು ಮನೆಮನೆಗೆ ಹೋದರು. ಆ ಸಂಸ್ಕೃತಿಯ ತೀರಾ ಒಳಗಿದ್ದವರು ಅವರು. ಅವರ ಮಾತನ್ನು ಬಿಟ್ಟು ಪೂಜಾರಿಯ, ಗೌಡನ ಮಾತನ್ನು ಮಾತ್ರ ಸಂಸ್ಕೃತಿ ಎಂದು ಎಣಿಸಿದರೆ ನಾವು ಗೌರವಿಸಿದ್ದು ಸಂಸ್ಕೃತಿಯನ್ನಲ್ಲ, ಅಧಿಕಾರವನ್ನು.

ಸತ್ಯವೊಂದಿದೆ ಎನ್ನುವ ನಿಲುವು

ಯಾರು ಒಪ್ಪಲಿ ಬಿಡಲಿ, ಕೆಲವು ಕೃತ್ಯಗಳು ತಪ್ಪೇ ಎನ್ನುವುದು ಇನ್ನೊಂದು ನಿಲುವು. ಇದಕ್ಕೆ ದೇವರನ್ನು ನಂಬಲೇಬೇಕೆಂದಿಲ್ಲ. ಏಳು ಅವಿಭಾಜ್ಯ ಸಂಖ್ಯೆ ಎಂಬುದು ಹೇಗೆ ಯಾರ ಮತದಿಂದಲೂ ಬದಲಾಗುವುದಿಲ್ಲವೋ ಹಾಗೆ, ಮಗುವನ್ನು ಮೋಜಿಗಾಗಿ ಹಿಂಸಿಸುವುದು ತಪ್ಪು ಎಂಬುದೂ ಬದಲಾಗುವುದಿಲ್ಲ ಎನ್ನುತ್ತಾರೆ ಇವರು. ತತ್ವಶಾಸ್ತ್ರವನ್ನೇ ವೃತ್ತಿ ಮಾಡಿಕೊಂಡವರ ನಡುವೆ 2020ರಲ್ಲಿ ನಡೆದ ಫಿಲ್‌ಪೇಪರ್ಸ್ ಸಮೀಕ್ಷೆಯಲ್ಲಿ ಸುಮಾರು ಶೇ 62 ಮಂದಿ ಈ ಕಡೆ ವಾಲಿದರು, ಸುಮಾರು ಶೇ 26 ಮಂದಿ ಎದುರು ಕಡೆ. ಮತ ಎಣಿಸಿ ಸತ್ಯವನ್ನು ತೀರ್ಮಾನಿಸಲಾಗದು. ಆದರೂ ಓದಿಕೊಂಡವರೆಲ್ಲ ಸಾಪೇಕ್ಷತಾವಾದಿಗಳೇ ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿರುವುದರಿಂದ ಈ ಅಂಕಿಯನ್ನು ಹೇಳಬೇಕಾಯಿತು.

ಇದರ ಬಲ ಇರುವುದು 'ನಾವು ತಪ್ಪು ಮಾಡಿದ್ದೆವು' ಎಂಬ ವಾಕ್ಯದಲ್ಲಿ. ಅಸ್ಪೃಶ್ಯತೆಯ ಬಗ್ಗೆ ನಾವು ಆಡಬೇಕಾದ ಮಾತು ಅದು. ರೂಢಿ ಬದಲಾಯಿತು ಎಂದರೆ ಸಾಲದು. ಬದಲಾಗುವ ಮುಂಚೆಯೂ ಅದು ತಪ್ಪಾಗಿತ್ತು ಎನ್ನಬೇಕು. ರೂಢಿಯಾಚೆಗೆ ಸರಿ ತಪ್ಪು ಇಲ್ಲದಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ.

ಇದರ ಕಷ್ಟ, ಆ ಸತ್ಯ ಯಾರಿಗೆ ಹೇಗೆ ತಿಳಿಯಿತು ಎಂಬುದು. ಎಲ್ಲೆಡೆ ಒಪ್ಪಿಗೆಯಾದದ್ದೇ ಸತ್ಯ ಎನ್ನೋಣವೇ? ಆಲಿವರ್ ಸ್ಕಾಟ್ ಕರಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ 60 ಸಮಾಜಗಳ ದಾಖಲೆಗಳನ್ನು ಜಾಲಾಡಿ, ಬಂಧುಗಳಿಗೆ ನೆರವಾಗುವುದು, ಉಪಕಾರ ತೀರಿಸುವುದು, ನ್ಯಾಯವಾಗಿ ಹಂಚುವುದು, ಇನ್ನೊಬ್ಬರ ಸ್ವತ್ತಿಗೆ ಕೈ ಹಾಕದಿರುವುದು ಮುಂತಾದ ಏಳು ನಡೆಗಳನ್ನು ಎಲ್ಲೆಲ್ಲೂ ಒಳಿತೆಂದೇ ಎಣಿಸುತ್ತಾರೆ ಎಂದು ಹೇಳಿತು. ಜಗತ್ತು ನಾವು ತಿಳಿದಷ್ಟು ಹರಿದು ಹಂಚಿಹೋಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಏಳರಲ್ಲಿ ಮೇಲಿನವರಿಗೆ ತಲೆಬಾಗುವುದೂ ಒಂದು! ತಲೆಬಾಗಿಸಿಯೇ ಮುತ್ತು ಕಟ್ಟಿದರು. ಹಾಗಾದರೆ ಶಾಸ್ತ್ರಗ್ರಂಥವನ್ನು ಕೇಳೋಣವೇ? ಅಹಿಂಸೆ, ಸತ್ಯ, ಕದಿಯದಿರುವುದು, ಶುಚಿ, ಇಂದ್ರಿಯನಿಗ್ರಹ ಇವು ನಾಲ್ಕೂ ವರ್ಣಗಳಿಗೆ ಸಾಮಾನ್ಯ ಧರ್ಮ ಎನ್ನುವ ಮನುಸ್ಮೃತಿಯೇ ಒಂದೇ ಅಪರಾಧಕ್ಕೆ ವರ್ಣಕ್ಕೊಂದು ಶಿಕ್ಷೆ ಹೇಳುತ್ತದೆ. ಸಾರ್ವತ್ರಿಕ ಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ನ್ಯಾಯ ಕೈಗೆ ಬರುವುದಿಲ್ಲ.

ಇಲ್ಲೇ ಇನ್ನೊಂದು ಆಯ್ಕೆಯನ್ನೂ ಹೇಳಿ ಮುಂದೆ ಹೋಗುತ್ತೇನೆ. ನೈತಿಕ ಸತ್ಯ ಎಂಬುದೇ ಇಲ್ಲ, ಅದರ ಬಗ್ಗೆ ನಾವಾಡುವ ಮಾತೆಲ್ಲ ತಪ್ಪು ನಂಬಿಕೆಯ ಮೇಲೆ ನಿಂತಿದೆ ಎಂದು ತತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ 1977ರಲ್ಲಿ ವಾದಿಸಿದರು. ತರ್ಕದಲ್ಲಿ ಬಿಗಿಯಾದ ವಾದ. ಆದರೆ ಮದುವೆ ನಿಲ್ಲಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕಾದ ಬೆಳಗ್ಗೆ ಅದು ಯಾವ ದಾರಿಯನ್ನೂ ತೋರುವುದಿಲ್ಲ.

ಆನೆ ಇದೆ, ಕೈಗೆ ಸಿಕ್ಕಿದ್ದು ಕಾಲು ಮಾತ್ರ

ನನಗೆ ಹಿಡಿಸಿದ ನಿಲುವು ಈ ಎರಡರ ನಡುವಿನದು ಎಂದು ಹೇಳಲಾರೆ. ಅದು ಎರಡನೆಯದರ ಒಳಗೇ ಇರುವ ವಿನಯ. ಸತ್ಯಕ್ಕೆ ಹಲವು ಮುಖಗಳುಂಟು ಎನ್ನುವ ಜೈನರ ಅನೇಕಾಂತವಾದವನ್ನು ಅವರವರ ಸತ್ಯ ಅವರವರಿಗೆ ಎಂದು ಅರ್ಥೈಸುವುದನ್ನು ಬಹಳ ಕೇಳಿದ್ದೇನೆ. ಕುರುಡರೂ ಆನೆಯೂ ಕಥೆಯನ್ನೇ ತೆಗೆದುಕೊಳ್ಳಿ. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಒಬ್ಬನಿಗೆ ಹಗ್ಗ. ಆದರೆ ಆನೆ ಇದೆ! ಆನೆಯೇ ಇಲ್ಲದಿದ್ದರೆ ಕಥೆಯೇ ಇಲ್ಲ. ನಮ್ಮ ಅರಿವು ಅರೆ ಎಂದ ಜೈನರು, ಹಿಂಸೆ ಕೆಲವರ ದೃಷ್ಟಿಯಲ್ಲಿ ಧರ್ಮ ಎಂದು ಎಂದೂ ಹೇಳಲಿಲ್ಲ.

ಈ ನಿಲುವಿಗೆ ಅಗ್ನಿಪರೀಕ್ಷೆ ಎನಿಸುವ ಸಂಗತಿ ಅವರ ಸಲ್ಲೇಖನವೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಗೊತ್ತು, ಅಕ್ಷರಗಳು ಕಾಲ ಕೆಳಗಿನ ಬಂಡೆಯಲ್ಲೇ ಇವೆ. ಸುಮಾರು ಕ್ರಿ.ಶ. 600ರಿಂದ ಈಚೆಗೆ ಅನ್ನ ನೀರು ಬಿಟ್ಟು ದೇಹ ತ್ಯಜಿಸಿದವರ ನೆನಪಿನ ಬರಹಗಳು. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.

ರೂಢಿಯೇ ಪ್ರಮಾಣ ಎನ್ನುವವರು ಇಲ್ಲಿ ಒಂದು ಮಾತಿನಲ್ಲಿ ಮುಗಿಸುತ್ತಾರೆ: ಜೈನರಿಗೆ ಸರಿ, ಬಿಡಿ. ಹಾಗಾದರೆ ಸತಿಯನ್ನೂ ಬಿಡಬೇಕಲ್ಲ? ಜೀವ ತೆಗೆಯುವುದು ಯಾವಾಗಲೂ ತಪ್ಪು ಎಂದು ಒಂದೇ ನಿಯಮ ಹಿಡಿದವರು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ನನಗೆ ಈ ಎರಡು ವಾದಗಳೂ ಒಪ್ಪಿಗೆಯಿಲ್ಲ. ನಾನು ಕೇಳುವುದು ಇಷ್ಟು. ನಿರ್ಧಾರ ಯಾರದು? ನಡುವೆ ಹಿಂದೆ ಸರಿಯಲು ದಾರಿ ಇದೆಯೇ? ಆ ವ್ಯಕ್ತಿ ಇಲ್ಲವಾದರೆ ಲಾಭ ಯಾರಿಗೆ? ಬೇಡ ಎಂದವರನ್ನು ಸುತ್ತಲಿನವರು ಹೇಗೆ ನೋಡುತ್ತಾರೆ? ಗಂಡ ಸತ್ತ ದಿನವೇ, ಡೋಲಿನ ಸದ್ದಿನ ನಡುವೆ ಚಿತೆ ಹತ್ತಿಸಲ್ಪಟ್ಟವಳ ವಿಷಯದಲ್ಲಿ ಈ ಯಾವ ಪ್ರಶ್ನೆಗೂ ಒಪ್ಪುವಂಥ ಉತ್ತರ ಸಿಗುವುದಿಲ್ಲ. ಬಾಳು ಮುಗಿಸಿದ ಹಿರಿಯರೊಬ್ಬರು ಗುರುವಿನ ಅನುಮತಿ ಪಡೆದು, ವಾರಗಟ್ಟಲೆ ನಿಧಾನವಾಗಿ ನಡೆಸುವ ವ್ರತದಲ್ಲಿ ಉತ್ತರಗಳು ಬೇರೆ. ಅಲ್ಲೂ ಮನೆಯವರ ಒತ್ತಡ ಕಂಡರೆ ನನ್ನ ತೀರ್ಪು ಬದಲಾಗುತ್ತದೆ. ಪ್ರಶ್ನೆಗಳು ಎಲ್ಲರಿಗೂ ಒಂದೇ, ಉತ್ತರ ಸಂದರ್ಭಕ್ಕೆ ತಕ್ಕಂತೆ. ಸತ್ಯವೊಂದೇ ಎಂದರೆ ನಿಯಮವೊಂದೇ ಎಂದಲ್ಲ.

ಆರಿಸಿಕೊಳ್ಳುವಾಗ

ಬೇರೆ ನಾಡಿನಲ್ಲಿ ಹೊಸದಾಗಿ ನೆಲೆಸಿದವರು, ಇನ್ನೊಂದು ಸಮುದಾಯದ ಮನೆಗೆ ಸೊಸೆಯಾಗಿ ಹೋದವರು, ಸಂಶೋಧನೆಗೆಂದು ಹಳ್ಳಿಗೆ ಹೋದವರು ಮೊದಲ ಕೆಲವು ಕಾಲ ಸಾಪೇಕ್ಷತಾವಾದಿಯಂತೆಯೇ ನಡೆದುಕೊಳ್ಳಲಿ. ನೋಡಲಿ, ಕೇಳಲಿ, ತಡವಾಗಿ ಮಾತಾಡಲಿ. ಊಟ, ಉಡುಗೆ, ಹೂಳುವುದೋ ಸುಡುವುದೋ, ಆಸ್ತಿ ಮಗನಿಗೋ ಅಳಿಯಸಂತಾನಕ್ಕೋ ಎಂಬಂಥ ವಿಷಯಗಳಲ್ಲಿ ಆ ನಿಲುವು ಬಹಳ ದೂರ ನಡೆಸುತ್ತದೆ. ಆದರೆ ನೋವು ತಿನ್ನುವವರು ಒಬ್ಬರು, ಸಂಪ್ರದಾಯ ಎನ್ನುವವರು ಇನ್ನೊಬ್ಬರು ಎಂದು ಕಂಡೊಡನೆ ಆ ನಿಲುವನ್ನು ಕೆಳಗಿಡಬೇಕು.

ನಮ್ಮ ಕಾನೂನು ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ನಿಷಿದ್ಧ ಸಂಬಂಧಗಳ ಪಟ್ಟಿ ಕೊಟ್ಟು, ಎರಡೂ ಕಡೆಯವರ ರೂಢಿ ಒಪ್ಪುವುದಾದರೆ ಅಡ್ಡಿಯಿಲ್ಲ ಎನ್ನುತ್ತದೆ. ನನ್ನ ತಾಯಿಯಂಥವರ ಮದುವೆಗೆ ಮಾನ್ಯತೆ ಸಿಗುವುದು ಆ ಮಾತಿನಿಂದ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ರೂಢಿಗೆ ಅಂಥ ಬಾಗಿಲು ತೆರೆದಿಲ್ಲ. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದಿತು. ಒಂದೇ ಕಲ್ಯಾಣಮಂಟಪದ ಬಾಗಿಲಲ್ಲಿ ರೂಢಿ ಒಂದು ಮದುವೆಗೆ ಒಳಗೆ ದಾರಿ ಕೊಡುತ್ತದೆ, ಇನ್ನೊಂದನ್ನು ಉಳಿಸಲಾರದು.

ನನ್ನ ನೆರೆಯಾಕೆಯ ಹೇಸಿಗೆಗೆ ನಾನು ಕಿವಿಗೊಡಬೇಕಿರಲಿಲ್ಲ, ಹೇಸಿಗೆ ವಾದವಲ್ಲ. ಆದರೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು ಎಂದು ಆಕೆ ಹೇಳಿದ್ದರೆ? ಆ ಕಾರಣವನ್ನು ಇಂದೋರಿನವರೂ ತೂಗಿ ನೋಡಬಹುದು, ಮಂಡ್ಯದವರೂ ತೂಗಿ ನೋಡಬಹುದು. 15ರ ಹುಡುಗಿಗೆ ಹೆರಿಗೆ ಅಪಾಯ, ಓದು ನಿಲ್ಲುತ್ತದೆ ಎಂದು ನಾನು ಹೇಳಬಹುದಾಗಿದ್ದ ಕಾರಣವೂ ಅಂಥದ್ದೇ. 'ನಮ್ಮಲ್ಲಿ ಹಾಗೆ' ಎಂಬ ಮಾತು ಆ ಎರಡಕ್ಕೂ ಉತ್ತರವಾಗುವುದಿಲ್ಲ. ನನ್ನ ಬಾಯಲ್ಲೂ ಆಗುವುದಿಲ್ಲ.

ಆ ಹುಡುಗಿ ಮರುವರ್ಷ ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಬಂದಿದ್ದಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಕೂಸು. ನನ್ನ ಮಗಳ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕವನ್ನು ಬಾಗಿಲ ಬಳಿ ನಿಂತೇ ಒಂದೊಂದು ಪುಟವಾಗಿ ತಿರುಗಿಸಿದಳು. ಮದುವೆಗೆ ಮುಂಚೆ ನಿನ್ನನ್ನು ಯಾರಾದರೂ ಕೇಳಿದರೇ ಎಂದು ಕೇಳಿದೆ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ. "ನನ್ನನ್ನೇ?" ಎಂದಳು. ಇಂದು ಅಂಥ ಸುದ್ದಿ ಕಿವಿಗೆ ಬಿದ್ದರೆ ನಾನು ದೀದಿಯೊಡನೆ ಕುಳಿತು ಮಾತಾಡುತ್ತೇನೆ. ಮಾತಿನಿಂದ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ.

ಕಳೆದ ವರ್ಷ ನನ್ನ ಮಗಳಿಗೆ ನನ್ನ ತಮ್ಮನ ಮಗನ ಸಂಬಂಧದ ಮಾತು ಬಂತು. ಅಮ್ಮನಿಗೆ ಬಹಳ ಆಸೆಯಿತ್ತು, ಮನೆತನದ ರೂಢಿ ಎಂದರು. ನಾವು ಮೊದಲು ಮಗಳನ್ನು ಕೇಳಿದೆವು. ಬೇಡ ಎಂದಳು. ಮಾತು ಅಲ್ಲಿಗೇ ನಿಂತಿತು.